ಕುರ್ಚಿಗೆ ನಾಲ್ಕು ಕಾಲ

ನವೆಂಬರಿನ ಕೊನೆಗೆ ಸೂರ್ಯ ಬೆನ್ನು ಹಾಕಿದ ಮೇಲೆ
ವಾರ್ಡೊ ದ್ವೀಪದಲ್ಲಿ ಉಳಿಯುವ ಕೆಲಸ ಮೂರೇ:
ಕಾಫಿ ಕಾಸುವುದು, ಬಾಗಿಲ ಹಿಮ ಎತ್ತಿ ಹಾಕುವುದು,
ಗಂಡನ ಜೊತೆ ಜಗಳ.
ಮೊದಲೆರಡು ಮುಗಿದಿದ್ದವು.

ಆಗ ಕಣ್ಣಿಗೆ ಬಿತ್ತು ಅತ್ತೆಯ ಕುರ್ಚಿ.
ಕಂದು ಅಂದರೆ ಎಂಥ ಕಂದು!
ಕುಡಿಯದೆ ಮೂರು ದಿನ ಬಿಟ್ಟ ಕಾಫಿಯಂಥದು,
ಪಾದ್ರಿ ಮಾತು ನಿಲ್ಲಿಸಿ ಕೆಮ್ಮುವ ಹೊತ್ತಿನಂಥದು.
ಆಸ್ಲೌಗ್ ತೀರಿಕೊಂಡು ಎಂಟು ವರ್ಷ,
ಇನ್ನೂ ಯಾರೂ ಅದರಲ್ಲಿ ಕೂತಿಲ್ಲ.
ಬೆಕ್ಕು ಕೂಡ ಬಳಸಿಕೊಂಡೇ ಹೋಗುತ್ತದೆ.

ಕಿರ್ಕೆನೆಸ್‌ನಿಂದ ಹಡಗಿನಲ್ಲಿ ಬಂತು ಬಟ್ಟೆ, ನಾಲ್ಕು ಮೀಟರ್.
ಕಿತ್ತಳೆ ನೆಲ. ಅಂಗೈ ಅಗಲದ ಗಿಳಿಗಳು.
ನಮ್ಮ ಕಡೆ ಯಾರೂ ತಿಂದಿರದ ನೇರಳೆ ಬಣ್ಣದ ಹಣ್ಣು.
ತೊರ್ಲೈಫ್ ಕನ್ನಡಕ ಹಾಕಿ ನೋಡಿದ,
ಕನ್ನಡಕ ತೆಗೆದು ನೋಡಿದ.
"ಇದು ಕೂಗುತ್ತದೆ," ಅಂದ.
"ಕೂಗಲಿ. ಈ ಮನೆಗೆ ಮಾತಾಡುವವರು ಇನ್ನೊಬ್ಬರು ಬೇಕು."
"ಅಮ್ಮ ಇದ್ದಿದ್ದರೆ..."
ಅವನ ವಾಕ್ಯಗಳೆಲ್ಲ ಅಲ್ಲಿಗೇ ನಿಲ್ಲುತ್ತವೆ,
ದೋಣಿ ಧಕ್ಕೆಗೆ ತಗಲಿದ ಹಾಗೆ.

ಮೊಳೆ ಕೀಳಲು ಮೀನು ಸೀಳುವ ಚಾಕುವೇ ಸಾಕಾಯಿತು.
ತುಕ್ಕು ಹಿಡಿದ ಪುಟ್ಟ ತಲೆಗಳು ಜಾಮಿನ ಡಬ್ಬಿಗೆ
ಟಣ್, ಟಣ್.
ನೂರ ನಲವತ್ತರ ಮೇಲೆ ಎಣಿಕೆ ತಪ್ಪಿತು.
ಸಂದಿಯಲ್ಲಿ ಒಂದು ಗುಂಡಿ, ಎರಡು ಕಾಸು,
ಒಂದು ಹೆಣಿಗೆ ಕಡ್ಡಿ.
ಆ ಕಡ್ಡಿ ನಾನೇ ಕದ್ದೆನೆಂದು ಹನ್ನೊಂದು ವರ್ಷ
ಅತ್ತೆ ನನ್ನನ್ನು ಓರೆಗಣ್ಣಲ್ಲಿ ನೋಡಿದ್ದಳು.
ಕಿಟಕಿಯ ಮೇಲಿಟ್ಟೆ, ಸಾಕ್ಷಿಗೆ.

ಕಂದಿನ ಕೆಳಗೆ ಹಸಿರು. ಪಾಚಿ ಹಸಿರು, ಅದೂ ಮುಖ ಬಿಗಿದದ್ದೇ.
ಹಸಿರಿನ ಕೆಳಗೆ
ಚಾಕು ನಿಂತಿತು.

ಕೆಂಪು.
ಕೆಂಪಿನ ಮೇಲೆ ಹಳದಿ ಹೂ, ಊಟದ ತಟ್ಟೆಯಷ್ಟು,
ನಾಚಿಕೆಯೇ ಇಲ್ಲದವು.
ಯಾರ ಮನೆಯ ಕಿಟಕಿಯ ಪರದೆಯೋ,
ಅಂಚಿನಲ್ಲಿ ಇನ್ನೂ ಬಳೆ ಪೋಣಿಸಿದ ತೂತು,
ಸಾಲದ ಕಡೆ ಹಿಟ್ಟಿನ ಚೀಲದ ತೇಪೆ.

ತೊರ್ಲೈಫ್ ಬಂದು ನಿಂತ. ಕೈ ಒರೆಸಿಕೊಂಡು ಮುಟ್ಟಿದ.
ಯುದ್ಧದ ಕೊನೆಗೆ ಊರು ಸುಟ್ಟಿತ್ತಂತೆ,
ಮರಳಿ ಬಂದವರಿಗೆ ಸಿಕ್ಕದ್ದು ಚಿಮಣಿ, ಕಲ್ಲು,
ಒಂದು ಚಮಚಕ್ಕೆ ನಾಲ್ಕು ಬಾಯಿ.
ಆ ಬೇಸಿಗೆ ಅವನಪ್ಪ ಮಾಡಿದ ಕುರ್ಚಿ,
ಸಮುದ್ರ ದಡಕ್ಕೆ ತಂದು ಹಾಕಿದ ಮರದಲ್ಲಿ.
ಅಷ್ಟು ಅವನಿಗೆ ಗೊತ್ತಿತ್ತು.
ಕೆಂಪು ಗೊತ್ತಿರಲಿಲ್ಲ.

ಬೂದಿಯ ಮೇಲೆ ನಿಂತ ಇಪ್ಪತ್ತೆರಡರ ಹುಡುಗಿ
ಮೊಟ್ಟಮೊದಲು ಬೇಕೆಂದದ್ದು ಇದನ್ನು.
ಆಮೇಲೆ ಯಾವ ವರ್ಷ, ಯಾರ ಬಾಯಿಗೆ ಅಂಜಿ, ಯಾವ ಸಾವಿಗೆ
ಹಸಿರು ಹೊದಿಸಿದಳೋ, ಅದರ ಮೇಲೆ ಕಂದು,
ಮೊಳೆಗಳಿಗೆ ಬಾಯಿಲ್ಲ.
ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ.
ಎಣಿಸಲು ಬಾರದವರ ಮಾತು.

ಕೆಂಪನ್ನು ಕೀಳಲಿಲ್ಲ.
ಅದರ ಮೇಲೇ ಹೊಸ ಹತ್ತಿ, ಹತ್ತಿಯ ಮೇಲೆ ಗಿಳಿ.
ಮೂಲೆಯ ಮಡಿಕೆ ಮೂರು ಸಲ ಬಿಚ್ಚಿದೆ.
ಬಲಗೈ ಮೇಲಿನ ಗಿಳಿ ತಲೆಕೆಳಗಾಗಿದೆ,
ಇರಲಿ, ಈ ಊರಿನ ಗಾಳಿಗೆ ಹಕ್ಕಿಗಳು ಹಾಗೇ ಹಾರುವುದು.
ತೊರ್ಲೈಫ್ ಮೊಳೆ ಹಿಡಿದ, ನಾನು ಬಡಿದೆ.
ಒಮ್ಮೆ ಅವನ ಹೆಬ್ಬೆರಳಿಗೂ.
ಅಲ್ಲಿಗೆ ಮೂರನೆಯ ಕೆಲಸವೂ ಆಯಿತು.

ಜನವರಿಯ ಒಂದು ಮಧ್ಯಾಹ್ನ ಕೋಟೆಯಲ್ಲಿ ತೋಪು ಹಾರಿತು,
ಸೂರ್ಯ ಇಡಿಯಾಗಿ ಕಂಡನೆಂದು.
ಶಾಲೆಗೆ ರಜೆ; ಮಕ್ಕಳು ಕಿರುಚುತ್ತ ಬೀದಿಗೆ.
ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತು ಕರೆದೆ:
"ಬಾರೋ, ಬಂದ!"
ಅವನು ಕುರ್ಚಿಯಲ್ಲಿದ್ದ.
ತೊಡೆಯ ಮೇಲೆ ಬೆಕ್ಕು, ಬೆನ್ನ ಹಿಂದೆ ಎಂಟು ಗಿಳಿ.
"ನೀನು ನೋಡಿ ಬಾ," ಅಂದ,
"ನನಗೆ ಏಳೋಕಾಗಲ್ಲ. ಬೆಕ್ಕು ಮಲಗಿದೆ."