ತಾಡಪತ್ರಿ ಡ್ಯೂಟಿ

ಕವಿತಾಳದ ಸರ್ಕಲ್ಲಿನಲ್ಲಿ ಹನ್ನೊಂದು ತಿಂಗಳಿಂದ
ಒಬ್ಬರು ನಿಂತಿದ್ದಾರೆ, ನೀಲಿ ತಾಡಪತ್ರಿ ಹೊದ್ದು.
ಸೊಂಟಕ್ಕೆ ಹಗ್ಗ, ಕುತ್ತಿಗೆಗೆ ಹಗ್ಗ,
ಗಂಟಿಗೆ ತಹಶೀಲ್ದಾರರ ಅರಗಿನ ಮುದ್ರೆ.
ಕಾವಲಿಗೆ ನಾನು, ಮತ್ತು
ನಾಲ್ಕನೇ ಕಾಲಿನ ಮೇಲೆ ನಂಬಿಕೆಯಿಲ್ಲದ ಒಂದು ಪ್ಲಾಸ್ಟಿಕ್ ಕುರ್ಚಿ.

ಇವರು ನಮ್ಮವರು ಅಂತ ಆ ಓಣಿ,
ನಮ್ಮವರು ನಿಲ್ಲಬೇಕಿದ್ದ ಜಾಗ ಅಂತ ಈ ಓಣಿ.
ಕೋರ್ಟಿನ ತಾರೀಖು ಮುಂದೆ ಹೋಗುತ್ತದೆ,
ಇವರು ಹೋಗುವುದಿಲ್ಲ, ನಾನೂ.

ಹೊತ್ತು ಹೋಗಲೆಂದು ಮಗಳು ಚೀಲಕ್ಕೆ ಹಾಕಿದ್ದಳು
ಪಂಚಾಯ್ತಿ ಲೈಬ್ರರಿಯ ಚಿತ್ರದ ಪುಸ್ತಕ.
ಬೀದಿದೀಪದ ಕೆಳಗೆ ತಿರುವಿದೆ:
ಎರಡು ಗುಡ್ಡ, ನಡುವೆ ಸೂರ್ಯ,
ಕೆಂಪು ಹೆಂಚಿನ ಇಳಿಜಾರು ಮನೆ.
ಕನ್ನಡಕದ ಅಪ್ಪ ಪೇಪರ್ ಓದುತ್ತಾನೆ,
ಗುಲಾಬಿ ಕೆನ್ನೆಯ ಅಮ್ಮ ಹೂಗಿಡಕ್ಕೆ ನೀರು ಬಿಡುತ್ತಾಳೆ
ಪೈಪಿನಿಂದ, ಕೊಡ ಎಣಿಸದೆ.

ಹನ್ನೆರಡನೇ ಪುಟಕ್ಕೆ ಯಾರೋ ಕೈ ಹಾಕಿದ್ದಾರೆ.
ಹೆಂಚಿನ ಮೇಲೆ ಮಣ್ಣಿನ ಬಣ್ಣ ಒತ್ತಿ ಒತ್ತಿ ತಿಕ್ಕಿ
ಮನೆಗೆ ಮಾಳಿಗೆ ಹಾಸಿದ್ದಾರೆ, ಗವಾಕ್ಷಿ ಸಮೇತ.
ಅಮ್ಮನ ಕೆನ್ನೆ ಕಂದಾಗಿದೆ, ಮೂಗುಬೊಟ್ಟು ಬಂದಿದೆ.
ಅಪ್ಪನ ಪೇಪರು ಸುರುಳಿ ಸುತ್ತಿ ಲಾಠಿಯಾಗಿದೆ.
ಕೆಳಗೆ: ‘ಹಿಂಗ ಇರ್ಬೇಕಿತ್ತು. ಹುಸೇನಮ್ಮ, ೪ನೇ ಕ್ಲಾಸು.’
ನನ್ನ ಮಗಳದೇ ಅಕ್ಷರ. ಮೇಲೆ ಸಹಿ ಬೇರೆ!

ಮೂರೂವರೆಗೆ ಜೋಳದ ಹೊಲದ ಕಡೆಯಿಂದ ಗಾಳಿ ಎದ್ದಿತು.
ತಾಡಪತ್ರಿ ಪಟಪಟ ಬಡಿದು, ಅಂಚು ಬಿಚ್ಚಿ
ಒಂದು ಗಳಿಗೆ ಮುಖ ಹೊರಗೆ ಬಂತು.
ಇಡೀ ಊರಲ್ಲಿ ಕಂಡವನು ನಾನೊಬ್ಬ.
ಹೇಳಲೇ?
ಹೋದ ವರ್ಷ ಬಂದೋಬಸ್ತಿಗೆ ಹೋದ ಬೇರೊಂದು ಊರಲ್ಲೂ
ಇದೇ ಎದೆ, ಇದೇ ಬೂಟು, ಇದೇ ಎತ್ತಿದ ಕೈ.
ಅಲ್ಲಿ ಹೆಸರು ಬೇರೆ, ಕುಲ ಬೇರೆ;
ಇಲ್ಲಿ ಮೀಸೆ ಮಾತ್ರ ಹೊಸದು.
ಕೆನ್ನೆಗೆ ಪುಸ್ತಕದ ಅಮ್ಮನದೇ ನುಣುಪು.
ಎರಡೂ ಓಣಿ ಜಾಲಾಡಿದರೂ
ಇಂಥ ಕೆನ್ನೆಯವರು ಒಬ್ಬರೂ ಸಿಗಲಿಕ್ಕಿಲ್ಲ.

ಅದೇ ಕುರ್ಚಿ ಹತ್ತಿ ಹಗ್ಗ ಬಿಗಿದೆ.
ಡೈರಿಯಲ್ಲಿ ಬರೆದೆ: ಗಾಳಿ. ಬೇರೇನಿಲ್ಲ.

ಬೆಳಿಗ್ಗೆ ಲೈಬ್ರರಿಯ ಖಾಜಾಬಿ ಪುಟ ತಿರುವಿ
‘ಗೀಚ್ಯಾರ ನೋಡ್ರಿ, ದಂಡ ಹತ್ತು ರೂಪಾಯಿ’ ಅಂದರು.
ರಸೀದಿ ಹರಿಯುವಾಗ ಕೈ ತಡೆಯಿತು.
‘ಇಂಥಾ ಗವಾಕ್ಷಿ ನಮ್ಮನ್ಯಾಗನೂ ಇತ್ತು.’
ದುಡ್ಡು ಮಾತ್ರ ಬಿಡಲಿಲ್ಲ.
ಪುಸ್ತಕ ಕಪಾಟಿಗೆ ಹೋಯಿತು, ಅಳಿಸದೆ.

‘ಒಳಗ ಯಾರದಾರಪ್ಪ?’
‘ನಾನೂ ನೋಡಿಲ್ಲವ್ವ.’
‘ನೋಡಿದ ಮ್ಯಾಲ ಹೇಳು,’ ಅಂದಳು
ಕಂದು ಕ್ರೇಯಾನಿನ ಕಾಗದ
ಉಗುರಿನಿಂದ ಸುಲಿಯುತ್ತ.