ಇಪ್ಪತ್ತಾರು

ನುಣುಪು ಇಸ್ಪೀಟೆಲೆ ಯಾರ ಮಾತೂ ಕೇಳುವುದಿಲ್ಲ.
ಹೊಸ ಕಟ್ಟು ಒಡೆದರೆ ಬೂತಾಯಿ ಮೀನಿನ ಹಾಗೆ
ಬೆರಳ ಸಂದಿಯಿಂದ ಜಾರಿ ನೆಲಕ್ಕೆ.
ನನಗೆ ಬೇಕಾದದ್ದು ಬೇರೆ:
ಎರಡು ಎಲೆ ಬೆನ್ನಿಗೆ ಬೆನ್ನು ಕೊಟ್ಟು
ಒಂದೇ ಎಂದು ಸಾಧಿಸಬೇಕು.
ನಾನು ಹೆಬ್ಬೆರಳು ಸಡಿಲಿಸಿದಾಗ ಮಾತ್ರ
ಹೌದು, ಇಬ್ಬರಿದ್ದೇವೆ ಎಂದು ಒಪ್ಪಬೇಕು.

ಹಗಲಿಡೀ ಸ್ಟೇಟ್‌ಬ್ಯಾಂಕಿನಿಂದ ಕಾಟಿಪಳ್ಳಕ್ಕೆ
ಟಿಕೇಟು ಹರಿಯುವವ ನಾನು.
ಹೊಸ ಹತ್ತರ ನೋಟು ಎರಡು ಅಂಟಿ ಬಂದರೆ
ಕತ್ತಲಲ್ಲೂ ತಿಳಿಯುತ್ತದೆ.
ಅಷ್ಟೇ ಅಂಟು ಸಾಕಿತ್ತು.
ಹಂಪನಕಟ್ಟೆಯ ಯಾವ ಅಂಗಡಿಯಲ್ಲೂ ಅದಕ್ಕೆ ಹೆಸರಿಲ್ಲ.

ಮರಳುಕಾಗದದಿಂದ ರಾಣಿಯ ಬೆನ್ನು ಉಜ್ಜಿದೆ, ತುಸುವೇ.
ಉದುರಿದ್ದು ಬೂದಿ, ಉಳಿದದ್ದು
ಟ್ಯೂಬ್‌ಲೈಟಿಗೆ ದೂರದಿಂದಲೂ ಕಾಣುವ ಬಿಳಿ ಮಚ್ಚೆ.
ಬೆಂದೂರಿನ ಬೋನಿಫಾಸ್ ಮಾಸ್ತರು
ಪಿಟೀಲಿನ ಕಮಾನಿಗೆ ತಿಕ್ಕುವ ರಾಳದ ತುಂಡು ಕೊಟ್ಟರು,
ಅರ್ಧ ಮನಸ್ಸಿನಿಂದ:
"ಇಗರ್ಜಿಯದ್ದು ಮಾರಾಯ, ಜುಗಾರಿಗೆ ಹಚ್ಚಬೇಡ."
ಪುಡಿ ಮಾಡಿ ಸ್ಪಿರಿಟ್ಟಿನಲ್ಲಿ ರಾತ್ರಿಯಿಡೀ ಕರಗಿಸಿ
ಪಂಚೆಯ ಚೂರಿನಲ್ಲಿ ಸೋಸಿ, ಕುಂಚದಲ್ಲಿ ಎಳೆದೆ.
ಏಪ್ರಿಲ್ ಪೂರಾ ಹೇಳಿದ ಮಾತು ಕೇಳಿತು.
ಜೂನಿನಲ್ಲಿ, ಗೋಡೆ ಉಪ್ಪು ಹಪ್ಪಳ ಎಲ್ಲ ಬೆವರುವಾಗ,
ಬಿಜೈಯ ಒಂದು ಹುಟ್ಟುಹಬ್ಬದಲ್ಲಿ
ಬೀಸಣಿಗೆ ಬಿಚ್ಚಲು ಹೋದೆ.
ಬಿಚ್ಚಲಿಲ್ಲ. ಕೈಯಲ್ಲಿ ಇಟ್ಟಿಗೆ.
ಟೊಪ್ಪಿ ಹಾಕಿದ ಹುಡುಗ ಕೇಳಿದ:
ಅಂಕಲ್, ಅದು ಸಾಬೂನಾ?

ಮುಂಬೈಯಿಂದ ಕೊರಿಯರಿನಲ್ಲಿ ಬಂತು ಮೇಣದ ಕಡ್ಡಿ,
ಎರಡು ದಿನದ ಸಂಬಳ ತಿಂದು.
ಗೀಚಿದರೆ ಆಯಿತು, ಒಣಗಿಸುವ ರಗಳೆಯಿಲ್ಲ.
ಆದರೆ ಕಿಸೆಯ ಧೂಳನ್ನೆಲ್ಲ ಸಂಬಂಧಿಕರ ಹಾಗೆ
ಕರೆದುಕೊಂಡು ಬರುತ್ತದೆ.
ಕೊನೆಗೆ ಪಂಪ್‌ವೆಲ್ಲಿನ ಗ್ಯಾರೇಜಿನಲ್ಲಿ ಇದ್ದಿನಬ್ಬ
ಮಿನುಗದ ವಾರ್ನಿಶ್ಶಿನ ಡಬ್ಬಿ ಕುಲುಕಿ ಹೇಳಿದ್ದು:
ಒಂದು ಮೊಳ ದೂರದಿಂದ, ಒಂದೇ ಸಲ,
ಕನ್ನಡಕದ ಮೇಲೆ ಉಸಿರು ಬಿಟ್ಟಷ್ಟು.
ಮಳೆಗಾಳಿ ತಾಗಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ,
ಮತ್ತೆ ನನ್ನನ್ನು ಬೈಯಬೇಡ.

ಆಟಿಯ ತಿಂಗಳಲ್ಲಿ ಒಣ ಗಾಳಿ ಎಲ್ಲಿಂದ ತರುವುದು?
ಪಕ್ಕದ ಮನೆಯ ಸಂಪಕ್ಕನ ಒಲೆಯ ಬದಿಯಿಂದ.
ಅಲ್ಲಿ ತಡ್ಪೆಯಲ್ಲಿ ಬೀಡಿ ಬೆಚ್ಚಗೆ ಮಲಗಿರುತ್ತದೆ.
"ಇಡು, ನಿನ್ನದೂ ಎಲೆ, ನನ್ನದೂ ಎಲೆ" ಅಂದರು.

ನಲ್ವತ್ತು ವರ್ಷ ಬೀಡಿ ಕಟ್ಟಿದ ಕೈ ಅದು.
ಇಪ್ಪತ್ತೈದರ ಕಟ್ಟಿನಲ್ಲಿ ಒಂದು ಕಮ್ಮಿಯಿದ್ದರೆ
ಮುಟ್ಟಿ ಹೇಳುವ ಕೈ.
ಸಂಜೆ ಕಟ್ಟನ್ನು ಕೊಟ್ಟು, ಎಣಿಸಿ ಎಂದೆ.
ಕಣ್ಣು ಗಂಜಿಯ ಪಾತ್ರೆಯ ಮೇಲೆ;
ಕಂದು ಹತ್ತಿದ ಹೆಬ್ಬೆರಳು ಒಂದೊಂದೇ ಮಡಿಲಿಗೆ ಜಾರಿಸಿತು.
ಇಪ್ಪತ್ತಾರು.
ಪುನಃ ಎಣಿಸಿದರು.
ಇಪ್ಪತ್ತಾರೇ.

ನಾನು ಒಂದನ್ನು ಎತ್ತಿ ಬೆರಳು ಸಡಿಲಿಸಿದೆ.
ಡೈಮನ್ ರಾಜನ ಹಿಂದಿನಿಂದ
ಇನ್ನೊಂದು ಎಲೆ ಮೆಲ್ಲಗೆ ಹೊರಗೆ ಬಂತು.
ಸಂಪಕ್ಕ ಬೆರಗಾಗಲಿಲ್ಲ.
ಆಗುತ್ತಾರೆಂದು ಮೂರು ತಿಂಗಳು ಕಾದಿದ್ದೆ.
"ನಮ್ಮ ಬೀಡಿ ಬ್ರಾಂಚಿನವನಿಗೂ ಇದು ಬರುತ್ತದೆ," ಅಂದರು,
"ಸಾವಿರ ಕೊಟ್ಟರೆ ಒಂಬೈನೂರು ಎಣಿಸುತ್ತಾನೆ.
ಅವ ಯಾವ ಡಬ್ಬಿ ಹೊಡೆಯುತ್ತಾನೋ, ಕೇಳು."

ಗಂಜಿ ಉಕ್ಕಿತು. ಎದ್ದು ಹೋದರು.

ಡಬ್ಬಿಯೇ ಎಂದು ನಿಶ್ಚಯಿಸಿದೆ.
ಕುಳಾಯಿಯಲ್ಲಿ ಭಾನುವಾರ ಒಂದು ಮದರಂಗಿ,
ಎಂಟುನೂರು ರೂಪಾಯಿ, ಊಟ ಬೇರೆ.
ಒಂದು ಜೊತೆಯನ್ನು ಸಂಪಕ್ಕ ಇಟ್ಟುಕೊಂಡರು.
ಶನಿವಾರ ಬ್ರಾಂಚಿಗೆ ಹೋಗುವ ಚೀಲದಲ್ಲಿ
ಬೀಡಿಯ ಮೇಲೆ ಅದೂ ಇತ್ತು.
ಯಾಕೆಂದು ನಾನು ಕೇಳಲಿಲ್ಲ.

ಈಗ ನನ್ನ ಕಟ್ಟಿನಲ್ಲಿ ಐವತ್ತೇ ಎಲೆ.
ಯಾರೂ ಎಣಿಸುವುದಿಲ್ಲ.