ಟಾರ್ಚು ಹಾಕದ ಜಾಗ

ಮೂವತ್ತು ವರ್ಷ ಪರದೆಗೆ ಬೆನ್ನು ಮಾಡಿ ನಿಂತವನು
ಜವರಯ್ಯ.
ಬಂದವರ ಕಾಲಿಗೆ ಬೆಳಕು ಬಿಟ್ಟು ಸೀಟು ತೋರಿಸುತ್ತ
ಒಂದೇ ಒಂದು ಪಿಚ್ಚರನ್ನೂ ನೆಟ್ಟಗೆ ನೋಡದೆ
ನೋಡುವವರ ಮುಖ ನೋಡಿದವನು.

ಹಾಸನದ ಆ ಟಾಕೀಸು ಈಗ ಚೌಲ್ಟ್ರಿ.
ಗೇಟಿನಲ್ಲಿ ಅದೇ ಜವರಯ್ಯ, ಕೊರಳಲ್ಲಿ ಸೀಟಿ,
ಕಾರಿನವರಿಗೆ ಅದೇ ಟಾರ್ಚಿನಿಂದ
"ಹಿಂದಕ್ಕೆ, ಇನ್ನೂ ಹಿಂದಕ್ಕೆ, ಸಾಕು."

ನನ್ನದು ಡಿ.ಸಿ. ಆಫೀಸಿನೆದುರು ಜೆರಾಕ್ಸ್ ಅಂಗಡಿ.
ಮಸಿ ಹೆಚ್ಚಾಗಿ ಕೆಟ್ಟ ಪಹಣಿಗಳ ಬೆನ್ನ ಮೇಲೆ
ಸಿನಿಮಾ ಕತೆ ಬರೆಯುತ್ತೇನೆ.
ಯಾರದೋ ಎರಡು ಎಕರೆ ಹತ್ತು ಗುಂಟೆಯ ಹಿಂದೆ
ನನ್ನ ನಾಯಕಿ ಗಂಡನನ್ನು ಬಿಟ್ಟು ಹೊರಡುತ್ತಾಳೆ;
ಅತ್ತಲಿನ ಸರ್ವೆ ನಂಬರು ಇತ್ತ ಕಾಣುತ್ತ
ಅವಳ ಮಾತಿಗೆ ಅಡ್ಡ ಬರುತ್ತದೆ.

ಸಂಜೆ ಷಟರ್ ಎಳೆದು ಅವನ ಹತ್ತಿರ ಹೋಗುತ್ತೇನೆ.
ಎರಡು ಕಾರಿನ ನಡುವೆ ಸಿಕ್ಕ ಬಿಡುವಿನಲ್ಲಿ ಹೇಳುತ್ತೇನೆ.
ಚೆನ್ನಾಗಿದೆ ಅನ್ನುವುದಿಲ್ಲ, ಚೆನ್ನಾಗಿಲ್ಲ ಅನ್ನುವುದೂ ಇಲ್ಲ.
"ಇಲ್ಲಿ ಕೆಮ್ತಾರೆ ಕಣವ್ವ" ಅನ್ನುತ್ತಾನೆ.
ನಾಯಕಿ ಬಸ್‌ಸ್ಟ್ಯಾಂಡಿನಲ್ಲಿ ಕೂತು ಮೂರು ನಿಮಿಷ
ಆಕಾಶ ನೋಡುವ, ನನ್ನ ಪ್ರೀತಿಯ ಜಾಗದಲ್ಲಿ
"ಇಲ್ಲಿ ಗಾಂಧಿ ಕ್ಲಾಸು ಬೀಡಿಗೆ ಏಳ್ತದೆ."
ಅವಳಪ್ಪ ಕ್ಷಮೆ ಕೇಳುವಲ್ಲಿ "ಇಲ್ಲಿ ಕೂಸು ಅಳ್ತದೆ.
ತಾಯಿ ಪಿಚ್ಚರಲ್ಲಿ ಮುಳುಗಿದ್ರೆ ಕೂಸು ನಿದ್ದೆ ಹೋಯ್ತದೆ,
ತಾಯಿಗೆ ಬೇಜಾರಾದ್ರೆ ಮೊದ್ಲು ಕೂಸಿಗೇ ಗೊತ್ತಾಗೋದು."

ಮೊದಮೊದಲು ಜಗಳವಾಡಿದೆ.
"ನಿಂಗೇನು ಗೊತ್ತು, ಒಂದು ಪಿಚ್ಚರೂ ನೋಡಿದವನಲ್ಲ" ಅಂದೆ.
ಎರಡು ವಾರ ಆ ರಸ್ತೆಯನ್ನೇ ಬಿಟ್ಟು
ಸಂತೇಪೇಟೆ ಬಳಸಿ ಮನೆಗೆ ಹೋದೆ.
ದಾರಿಯುದ್ದಕ್ಕೂ ನನ್ನ ನಾಯಕಿ ಆಕಾಶ ನೋಡುತ್ತಿದ್ದಳು.
ನಾನೇ ಕೆಮ್ಮಿದೆ.

ಮೊನ್ನೆ ಶುಕ್ರವಾರ ತಡವಾಯಿತು. ಯಾಕೆ ಅಂದ. ಹೇಳಿದೆ:
ಇಬ್ಬರು ಅಣ್ಣತಮ್ಮಂದಿರು, ಆಲೂರು ಕಡೆಯವರು.
ಪಾಲುಪಟ್ಟಿಯ ಅಸಲು ಒಂದೇ, ನಕಲು ಇಬ್ಬರಿಗೂ ಬೇಕು.
ಒಬ್ಬ ಮುಟ್ಟಲು ಇನ್ನೊಬ್ಬ ಬಿಡ,
ಕಡೆಗೆ ನಾನೇ ಹಿಡಿದು ನಿಂತೆ.
ಕರೆಂಟು ಹೋಗಿ ಬಂದು ಮೆಷಿನ್ನು ಬಿಸಿಯಾಗುವಷ್ಟರಲ್ಲಿ
ತಮ್ಮ, ಅಣ್ಣನ ಹೆಗಲ ಮೇಲಿದ್ದ ದಾರದ ಎಳೆ ತೆಗೆದ.
ಆಮೇಲೆ ನೆನಪಾಗಿ
ಕೈ ಹಿಂದಕ್ಕೆಳೆದುಕೊಂಡ.
ಎಳೆ ಅವನ ಬೆರಳಲ್ಲೇ ಇತ್ತು.

ಗೇಟಿನಲ್ಲಿ ಒಂದು ಇನ್ನೋವಾ ಹಾರನ್ ಹೊಡೆಯುತ್ತಿತ್ತು.
ಜವರಯ್ಯನ ಬಾಯಲ್ಲಿ ಸೀಟಿ ಇತ್ತು, ಉಸಿರಿರಲಿಲ್ಲ.
"ಇಲ್ಲಿ ಟಾರ್ಚ್ ಹಾಕಂಗಿಲ್ಲ" ಅಂದ.
"ತಡವಾಗಿ ಬಂದೋರು ಕತ್ಲಲ್ಲೇ ನಿಂತ್ಕಬೇಕು.
ನಾನೂವೆ."
"ಇದು ಕತೆಯಲ್ಲ ಜವರಯ್ಯ, ಲೇಟಾದ ಕಾರಣ."
ಅವನು ಆಗಲೇ ಇನ್ನೋವಾದ ಕಡೆ ಹೋಗಿದ್ದ.

ಇವತ್ತು ಪಾಲಿಟೆಕ್ನಿಕ್ ಹುಡುಗ, ಹೆಸರು ಯತಿರಾಜ,
ಎಪ್ಪತ್ತನಾಲ್ಕು ಪುಟದ ಕತೆ ತಂದು ಸ್ಪೈರಲ್ ಹಾಕಿಸಿ ಅಂದ.
"ನೀವೂ ಬರೀತೀರಂತೆ. ಓದಿ ಹೇಳಿ."
ಒಂದೊಂದೇ ಹಾಳೆ ಗಾಜಿನ ಮೇಲೆ ಮಲಗಿಸಿ
ಹಸಿರು ಬೆಳಕು ಆಚೀಚೆ ಓಡುವಾಗ ಓದಿದೆ.
ಹನ್ನೆರಡರಲ್ಲಿ ಕೆಮ್ಮು. ಹತ್ತೊಂಬತ್ತರಲ್ಲಿ ಬೀಡಿ.
ನಲವತ್ತರಿಂದಾಚೆ ಬಾಲ್ಕನಿಯೇ ಖಾಲಿ.
ಹುಡುಗ ಕೌಂಟರಿಗೆ ಮೊಣಕೈ ಊರಿ
ನನ್ನ ಮುಖವನ್ನೇ ನೋಡುತ್ತಿದ್ದ.

ನಾಲಗೆ ಎರಡು ಸಲ ಎದ್ದು ಎರಡು ಸಲ ಕೂತಿತು.
"ಮೂವತ್ತೊಂದನೇ ಪುಟಕ್ಕೆ ಮೆಷಿನ್ನು ನಿಲ್ಲಿಸಿದೆ" ಅಂದೆ.
"ಜಾಮ್ ಆಯ್ತಾ ಮೇಡಂ?"
"ಇಲ್ಲ. ಆ ಅಜ್ಜಿ ಸತ್ತ ಎಮ್ಮೆಯ ಹಗ್ಗವನ್ನ
ಬಟ್ಟೆ ಒಣಗಿಸೋಕೆ ಕಟ್ತಾಳಲ್ಲ, ಅದಕ್ಕೆ."
"ಅದು ಸುಮ್ನೆ ಹಾಕಿದ್ದು ಮೇಡಂ. ಕ್ಲೈಮ್ಯಾಕ್ಸ್ ಹೇಗಿದೆ?"

ಕ್ಲೈಮ್ಯಾಕ್ಸಿನಲ್ಲಿ ಗೋದಾಮು, ಬೆಂಕಿ, ಮಳೆ.
ಹೇಳಿದೆ, ಮೆತ್ತಗೆ, ಕೆಮ್ಮಿನ ಜಾಗಗಳನ್ನೂ.
ಅವನ ಮುಖ ಮೇಲಿಂದ ಕೆಳಕ್ಕೆ ಇಳಿಯಿತು.
ಆ ಷಟರಿನ ಸದ್ದು ನನಗೆ ಗೊತ್ತು,
ಸಂತೇಪೇಟೆಯ ಬಳಸುದಾರಿ ಎಷ್ಟುದ್ದ ಅಂತಲೂ.

ಎಪ್ಪತ್ತಮೂರು ಪುಟಕ್ಕೆ ಲೆಕ್ಕ ಹಾಕಿದೆ.
ಮೆಟ್ಟಿಲಿಳಿದವನು ಎಣಿಸಿ, ವಾಪಸು ಬಂದು,
"ಒಂದು ಬಿಟ್ಟಿದೀರಿ" ಅಂತ
ಎರಡು ರೂಪಾಯಿ ಗಾಜಿನ ಮೇಲಿಟ್ಟು ಹೋದ.